ಕರೆಂಟ್ ಹೋದ ಮೇಲೂ ನಡೆದ ಆಟ

ಕುರುಗೋಡಿನ ತೇರು ಇನ್ನೂ ಹೊರಟಿಲ್ಲ. ಹೋಳಿ ಹುಣ್ಣಿಮೆಯ ಆಸುಪಾಸಿನ ಬಿಸಿಲು ನೆತ್ತಿ ಸುಡುತ್ತಿದೆ. ದೊಡ್ಡಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ಆ ಭಾರಿ ಬಸವಣ್ಣನಿಗೆ ಕೈಮುಗಿದು, ಅಪ್ಪನ ಬೆರಳು ಹಿಡಿದು ಹೊರಗೆ ಬಂದಿದ್ದೇನೆ. ಇನ್ನೊಂದು ಕೈಯ ಮುಷ್ಟಿಯಲ್ಲಿ ತೇರಿಗೆ ಎಸೆಯುವ ಉತ್ತತ್ತಿ. ಬೆಂಡು ಬತ್ತಾಸಿನ ಅಂಗಡಿಗಳು ಮುಗಿದರೆ ಆಟಿಕೆ ಸಾಮಾನಿನ ಸಾಲು. ಪೀಪಿ, ಬಳೆ, ಪ್ಲಾಸ್ಟಿಕ್ ಬಸ್ಸುಗಳ ನಡುವೆ ಅಂಗೈ ಅಗಲದ ಒಂದು ರಟ್ಟಿನ ಡಬ್ಬಿ. ಮೇಲೆ ‘ಬ್ರಿಕ್ ಗೇಮ್, 9999 ಇನ್ 1’ ಎಂದು ಬರೆದಿದೆ. ಅದರ ಕೆಳಗೆ ಈರುಳ್ಳಿ ಆಕಾರದ ಗೋಪುರಗಳು. ಕೆಂಪು, ಹಸಿರು, ಹಳದಿ ಪಟ್ಟೆ.

“ಅಪ್ಪಾ, ಇದು ಯಾವೂರ ಗುಡಿ?”

“ನಮ್ ಕಡೀದಲ್ಲ ಬಿಡಪ್ಪ.”

ಅದು ಮಾಸ್ಕೋದ ಸೇಂಟ್ ಬೆಸಿಲ್ ಚರ್ಚು ಎಂದು ಗೊತ್ತಾಗಲು ನನಗೆ ಎಷ್ಟೋ ವರ್ಷ ಹಿಡಿಯಿತು. ಆ ಡಬ್ಬಿಯೊಳಗಿನ ಆಟದ ಮೂಲ ಟೆಟ್ರಿಸ್. ಅದನ್ನು ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಮಾಸ್ಕೋದಲ್ಲಿ ರಚಿಸಿದರು. ರಷ್ಯಾದ ಆಟ ಎಂದು ಸಾರಲು ಹೊರದೇಶದ ಕಂಪನಿಗಳು ಡಬ್ಬಿಯ ಮೇಲೆ ಆ ಗೋಪುರ ಬರೆಸಿದವು. ಆಟವನ್ನು ನಕಲು ಮಾಡಿದವರು ಗೋಪುರವನ್ನೂ ನಕಲು ಮಾಡಿದರು. ಹಾಗೆ ಕೈಯಿಂದ ಕೈಗೆ ದಾಟಿ ಅದು ಬಸವಣ್ಣನ ಜಾತ್ರೆಗೂ ಬಂದಿತ್ತು. ಅಪ್ಪ ಅವತ್ತು ಕೊಡಿಸಲಿಲ್ಲ. ಉತ್ತತ್ತಿ ಎಸೆಯುವಾಗ ನಾನು ಬೇಡಿಕೊಂಡದ್ದು ಅದನ್ನೇ.

ಈಗ 1997ರ ಮೇ ತಿಂಗಳು. ಪಾಸಾಗಿದ್ದೇನೆ. ಬಳ್ಳಾರಿಯ ಬ್ರೂಸ್‌ಪೇಟೆಯ ಗಲ್ಲಿಯಲ್ಲಿ ಅಪ್ಪ ಮುಂದೆ, ನಾನು ಹಿಂದೆ. ಕಾಂಪೌಂಡ್ ಗೋಡೆ ತುಂಬ ಪೋಸ್ಟರ್: ಒಂದು ಕಡೆ ವಿಷ್ಣುವರ್ಧನ್, ಪಕ್ಕದಲ್ಲೇ ಚಿರಂಜೀವಿ. ಅಂಟು ಇನ್ನೂ ಆರಿಲ್ಲ. ಅಂಗಡಿಯೊಳಗೆ ಕಾಲಿಟ್ಟರೆ ಸೂರಿನ ತನಕ ವಿಡಿಯೋ ಗೇಮ್ ಡಬ್ಬಿಗಳು. ಗೋಡೆಯ ಪೋಸ್ಟರುಗಳೇ ನನಗಿಂತ ಮೊದಲು ಒಳಗೆ ಬಂದು ಕೂತಂತಿದೆ.

“ಯಾವ್ದು ಬೇಕ್ ತಮ್ಮಾ?”

ನಾನು ಬೆರಳು ತೋರಿಸುತ್ತೇನೆ. ಉಬ್ಬಿದ ತೋಳಿನ ಇಬ್ಬರು ಸೈನಿಕರು, ಕೈಯಲ್ಲಿ ಬಂದೂಕು. ಹಿಂದೆ ಬೆಂಕಿ, ಹಲ್ಲು ಕಿಸಿದ ಒಂದು ವಿಚಿತ್ರ ಪ್ರಾಣಿ. ಆಟದ ಹೆಸರು ಕಾಂಟ್ರಾ. ಮೂಲ ಚಿತ್ರ ಬರೆದವರು ಇಂಗ್ಲೆಂಡಿನ ಓಶನ್ ಕಂಪನಿಗೆ ಕೆಲಸ ಮಾಡುತ್ತಿದ್ದ ಬಾಬ್ ವೇಕ್‌ಲಿನ್. 1987ರ ‘ಪ್ರಿಡೇಟರ್’ ಸಿನಿಮಾದ ಫೋಟೋ ಎದುರಿಗಿಟ್ಟುಕೊಂಡು, ಅರ್ನಾಲ್ಡ್ ಶ್ವಾರ್ಜ್‌ನೆಗರ್ ನಿಂತ ಭಂಗಿಯಲ್ಲೇ ಆ ಸೈನಿಕರನ್ನು ನಿಲ್ಲಿಸಿದ್ದರು. ಸಿನಿಮಾದಿಂದ ಕುಂಚಕ್ಕೆ, ಕುಂಚದಿಂದ ನಕಲಿ ಡಬ್ಬಿಗೆ, ಅಲ್ಲಿಂದ ಬ್ರೂಸ್‌ಪೇಟೆಗೆ. ಗೋಡೆಯ ಪೋಸ್ಟರಿಗೂ ಅದಕ್ಕೂ ನನ್ನ ಕಣ್ಣಿಗೆ ಕಂಡ ನೆಂಟಸ್ತಿಕೆ ಸುಳ್ಳಾಗಿರಲಿಲ್ಲ.

ಅಪ್ಪ ಚೌಕಾಸಿ ಮಾಡುತ್ತಾರೆ. ನಾನು ಡಬ್ಬಿಯನ್ನು ಎದೆಗವಚಿಕೊಂಡು ನಿಲ್ಲುತ್ತೇನೆ. ಹೊಸ ರಟ್ಟಿನ, ಬಣ್ಣದ, ಒಳಗಿನ ಥರ್ಮಾಕೋಲಿನ ವಾಸನೆ ಒಟ್ಟಿಗೆ ಮೂಗಿಗೆ ಬರುತ್ತದೆ.

ಸಿರುಗುಪ್ಪದ ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲೆ. ತೆಕ್ಕಲಕೋಟೆ ದಾಟುವಷ್ಟರಲ್ಲಿ ಅದರ ಮೇಲಿನ ಒಂದೊಂದು ಕಿಡಿಯೂ ಬಾಯಿಪಾಠ. ಊರು ಹತ್ತಿರವಾದಂತೆ ತುಂಗಭದ್ರೆ ನೀರುಂಡ ಗದ್ದೆಗಳು, ಆಮೇಲೆ ರೈಸ್‌ಮಿಲ್ಲುಗಳ ಹೊಟ್ಟಿನ ಧೂಳು. ಅಜ್ಜಿ ಮನೆಯ ಪಡಸಾಲೆಯಲ್ಲಿ ಮಾವನ ಮಕ್ಕಳು ಮೂವರು ಕಾದು ಕೂತಿದ್ದಾರೆ.

“ಟಿವಿ ಸುಟ್ಟುಗಿಟ್ಟು ಹೋದೀತು, ನೋಡ್ಕೊಳ್ರಪ್ಪಾ!” ಅಜ್ಜಿ ಅಡಿಗೆ ಮನೆಯಿಂದಲೇ ಕೂಗುತ್ತಾಳೆ.

ಡಬ್ಬಿಯೊಳಗಿನ ಯಂತ್ರವನ್ನು ಟಿವಿಗೆ ಸಿಕ್ಕಿಸಿ ಚಾನೆಲ್ ತಿರುಗಿಸುತ್ತೇವೆ. ಬರೀ ಜೊರ್ರೋ ಎನ್ನುವ ಚುಕ್ಕಿ. ಮತ್ತೆ ತಿರುಗಿಸುತ್ತೇವೆ. “ಲೇ, ಕ್ಯಾಸೆಟ್ ತಗದು ಊದಲೇ!” ಊದುತ್ತೇನೆ, ಒತ್ತಿ ಕೂರಿಸುತ್ತೇನೆ. ಸದ್ದು ಬಂತು, ಕಾಡು ಬಂತು. ಬೆರಳುಗುರಿನಷ್ಟು ಒಬ್ಬ ನೀಲಿ ಪ್ಯಾಂಟಿನವನು ಓಡತೊಡಗಿದ.

ಯಂತ್ರದ ಶಕ್ತಿಯೇ ಅಷ್ಟು. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಹೊರತಂದ ಫ್ಯಾಮಿಕಾಮ್‌ನ ನಕಲು ಅದು. ಓಡಾಡುವ ಬೊಂಬೆಯ ಒಂದೊಂದು ತುಂಡಿಗೂ 3 ಬಣ್ಣ ಮಾತ್ರ ಸಿಗುತ್ತಿತ್ತು. ಮುಖಕ್ಕೆ ಕಣ್ಣು ಮೂಗು ಬರೆಯಲು ಜಾಗವೇ ಇರಲಿಲ್ಲ. ಆ ಕೊರತೆ ತುಂಬಲೆಂದೇ ಕಲಾವಿದರು ಡಬ್ಬಿಯ ಮೇಲೆ ಬೆವರು, ನರ, ಸಿಟ್ಟು ಎಲ್ಲವನ್ನೂ ಬರೆದರು. ಅವರು ಮೋಸ ಮಾಡಿದರೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಡಬ್ಬಿಯನ್ನು ಟಿವಿಯ ಪಕ್ಕ ನಿಲ್ಲಿಸಿದ್ದೆವು. ನೋಡುತ್ತಿದ್ದದ್ದು ತೆರೆಯನ್ನೇ, ಕಾಣುತ್ತಿದ್ದದ್ದು ಮಾತ್ರ ಡಬ್ಬಿಯ ಮೇಲಿನ ಸೈನಿಕ.

ದೊಡ್ಡ ಗೋಡೆಯ ಹತ್ತಿರ ಬಂದಿದ್ದೇವೆ. ಒಂದೇ ಜೀವ ಉಳಿದಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು.

“ಅಯ್ಯಯ್ಯೋ!” ನಾಲ್ಕೂ ಬಾಯಿ ಒಟ್ಟಿಗೆ. ಫ್ಯಾನು ನಿಧಾನಕ್ಕೆ ನಿಂತಿತು. ದೂರದ ಮಿಲ್ಲಿನ ಸದ್ದೂ ನಿಂತು ಕಪ್ಪೆಗಳ ದನಿ ಕೇಳತೊಡಗಿತು. ಅಜ್ಜಿ ಕಂದೀಲು ತಂದು ನಡುವೆ ಇಟ್ಟಳು.

ಚಿಕ್ಕವನು ಡಬ್ಬಿ ಎಳೆದುಕೊಂಡ. ಕಂದೀಲಿನ ಬೆಳಕಿಗೆ ಚಿತ್ರದ ಬೆಂಕಿ ಅಲುಗುತ್ತಿದೆ.

“ಇವ ನಾನು. ಆ ಗನ್ ನಂದು.”

“ಹಿಂದ ನೋಡಲೇ, ಅದು ಬಂತು!”

“ನೀ ಬಗ್ಗು, ನಾ ಹೊಡೀತೀನಿ.”

ರಟ್ಟಿನ ಮೇಲೆ ನಾಲ್ಕು ಬೆರಳು ಓಡಾಡಿದವು. ಗೋಡೆ ಒಡೆದೆವು, ಒಳಗೆ ನುಗ್ಗಿದೆವು, ಆ ಹಲ್ಲಿನ ಪ್ರಾಣಿಯನ್ನು ಕೊಂದೆವು. ಕರೆಂಟ್ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಯಾರೂ ತಕ್ಷಣ ಎದ್ದು ಟಿವಿ ಹಾಕಲಿಲ್ಲ.

ಯಂತ್ರ ಯಾವಾಗಲೋ ಗುಜರಿಗೆ ಹೋಯಿತು. ಡಬ್ಬಿ ಸಿರುಗುಪ್ಪದ ಅಟ್ಟದ ಮೇಲಿದೆ. ಅದರೊಳಗೆ ಅಜ್ಜಿ ಇಟ್ಟಿದ್ದ ಗುಂಡಿ, ದಾರದ ಉಂಡೆ, ಮಿಲ್ಲಿನ ಹಳೆಯ ಚೀಟಿಗಳು ಹಾಗೇ ಇವೆ. ಕೆಂಪು ಮಾಸಿ ಇಟ್ಟಿಗೆ ಬಣ್ಣವಾಗಿದೆ. ಬಂದೂಕಿನ ತುದಿಯಲ್ಲಿ ಮಾತ್ರ ಬಣ್ಣ ಪೂರ್ತಿ ಹೋಗಿ ರಟ್ಟಿನ ಬೂದಿ ಬಣ್ಣ ಕಾಣುತ್ತದೆ. ಅಲ್ಲಿ ಬೆರಳಿಟ್ಟರೆ ನುಣುಪಾಗಿದೆ. ನಾಲ್ಕು ಮಕ್ಕಳು ತಿಕ್ಕಿ ತಿಕ್ಕಿ ಮಾಡಿದ ನುಣುಪು.