ಎರಡು ಚೀಲ ಜೋಳ

ನಮ್ಮ ವಿಜಯಪುರದ ಕಡೆ ಮನೆಮಂದಿಯೆಲ್ಲ ಕೂಡಿ ದೂರದ ಊರಿಗೆ ಹೊರಡುವುದಕ್ಕೆ ‘ಟ್ರಿಪ್’ ಎನ್ನುವ ಹೆಸರು ಬಂದದ್ದು ಈಚೆಗೆ. ಅದಕ್ಕಿಂತ ಮೊದಲಿನ ಮಾತು ‘ಗಾಡಿ ಮಾಡೂದು’. ಗಾಡಿ ಮಾಡಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬರುವುದು, ಗಾಡಿ ಮಾಡಿಕೊಂಡು ಪಂಢರಪುರಕ್ಕೆ ಹೋಗುವುದು, ಗಾಡಿ ಮಾಡಿಕೊಂಡು ಕನ್ಯಾ ನೋಡಲು ಹೋಗುವುದು. ಗಾಡಿ ಎಂದರೆ ಬಹುತೇಕ ಕ್ರೂಸರ್. ಡ್ರೈವರನ ಬದಿಗೆ ಒಬ್ಬಿಬ್ಬರು, ನಡುವಿನ ಸೀಟಿಗೆ ಮೂರ್ನಾಲ್ಕು ಜನ, ಹಿಂದೆ ಎದುರುಬದುರು ಇರುವ ಉದ್ದನೆಯ ಸೀಟುಗಳಲ್ಲಿ ಉಳಿದವರು, ಮೇಲೆ ಕ್ಯಾರಿಯರಿನಲ್ಲಿ ರೊಟ್ಟಿ ಬುಟ್ಟಿ, ಹಾಸಿಗೆ, ಗ್ಯಾಸಿನ ಒಲೆ. ಗಾಡಿ ಗೊತ್ತು ಮಾಡುವಾಗ ಮಾಲೀಕ ‘ಎಷ್ಟ ಮಂದಿ ಆಗ್ತೀರಿ?’ ಎಂದು ಕೇಳುತ್ತಾನೆ. ಅಪ್ಪ ‘ಎಂಟ ಮಂದಿ, ಮ್ಯಾಲ ಎರಡ ಸಣ್ಣ ಹುಡ್ರು’ ಅನ್ನುತ್ತಾನೆ. ಸಂತೆಯಲ್ಲಿ ಕಾಯಿಪಲ್ಲೆ ಕೊಂಡಾದ ಮೇಲೆ ಪುಕ್ಕಟೆ ಹಾಕಿಸಿಕೊಳ್ಳುವ ನಾಲ್ಕು ಎಳೆ ಕೊತ್ತಂಬರಿ ಇದ್ದಂತೆ ಈ ‘ಮ್ಯಾಲ’. ಸಣ್ಣ ಹುಡುಗರು ಸೀಟಿನ ಲೆಕ್ಕದಲ್ಲಿ ಬರುವುದಿಲ್ಲ. ಅವರಿಗೆ ಮಡಿಲು ಇದೆ.

ಕಳೆದ ಡಿಸೆಂಬರಿನಲ್ಲಿ ಗೋಕರ್ಣಕ್ಕೆ ಗಾಡಿ ಮಾಡಿದಾಗ ನನ್ನ ತಕರಾರು ಇದ್ದದ್ದು ಈ ಮಡಿಲಿನ ಬಗ್ಗೆಯೇ. ಅಣ್ಣನ ಮಗಳಿಗೆ ಆಗ ಮೂರು ವರ್ಷ, ಮಗನಿಗೆ ಒಂದೂವರೆ. ಸುಮಾರು 350 ಕಿಲೋಮೀಟರ್ ದಾರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ 194ಬಿ ಎನ್ನುವ ಕಲಂ ಸೇರಿತು. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ಇದನ್ನು ನಾನು ಊಟಕ್ಕೆ ಕೂತಾಗ ಹೇಳಿದೆ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ ಎಂದಲ್ಲ, ಕೇಳಿಸಿಕೊಂಡು ನಕ್ಕರು. ‘ತಾಯಿ ಉಡಿಗಿಂತಾ ಗಟ್ಟಿ ಜಾಗಾ ಯಾವದೈತಿ?’ ಎಂದಳು ಅವ್ವ. ಪಿಎಚ್‌.ಡಿ. ಇನ್ನೂ ಮುಗಿಯದ, ಮದುವೆ ಇನ್ನೂ ಆಗದ ಹುಡುಗಿಗೆ ಕೂಸಿನ ಬಗ್ಗೆ ಏನು ಗೊತ್ತು ಎನ್ನುವ ಅರ್ಥವೂ ಆ ನಗುವಿನಲ್ಲಿ ಇತ್ತು. ಇನ್ನೊಂದು ತೊಡಕೂ ಇತ್ತು. ಮಕ್ಕಳ ಸೀಟು ತಂದರೂ ಅದನ್ನು ಬಿಗಿಯಲು ಗಾಡಿಯ ಸೀಟಿಗೆ ಬೆಲ್ಟ್ ಇರಬೇಕು. ನಮಗೆ ಸಿಕ್ಕ ಹಳೆಯ ಕ್ರೂಸರಿನಲ್ಲಿ ಮುಂದಿನ ಎರಡು ಬೆಲ್ಟ್ ಬಿಟ್ಟರೆ ಬೇರೆ ಇರಲಿಲ್ಲ.

ಹಾಗಾಗಿ ನಾನು ಕಾನೂನು ಬಿಟ್ಟು ತೂಕಕ್ಕೆ ಇಳಿದೆ. ಅಪ್ಪ ಬಹಳ ವರ್ಷ ಎಪಿಎಂಸಿಯಲ್ಲಿ ಕಾಳುಕಡಿ ವ್ಯವಹಾರ ಮಾಡಿದವನು. ಅವನ ತಲೆಗೆ ಹತ್ತುವ ಭಾಷೆ ಕ್ವಿಂಟಲ್. ಮಗಳ ತೂಕ 12 ಕಿಲೋ. ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇದೆ ಎಂದುಕೊಳ್ಳೋಣ. ಎದುರಿಗೆ ಏನಕ್ಕೋ ಬಡಿದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ, ಆ ಹೊತ್ತಿಗೆ ಮಗುವನ್ನು ತಡೆದು ಹಿಡಿಯಲು ಬೇಕಾಗುವ ಬಲ ಅದರ ತೂಕದ ಸುಮಾರು 17 ಪಟ್ಟು. ಅಂದರೆ 200 ಕಿಲೋ ಮೀರುತ್ತದೆ. ‘ಅಪ್ಪಾ, ಎರಡ ಚೀಲ ಜ್ವಾಳ. ವೈನಿ ಕೂತಲ್ಲೇ ಎರಡ ಚೀಲ ಜ್ವಾಳ ಬರೇ ಕೈಲೆ ಹಿಡೀಬೇಕು, ಅದೂ ತಾನೂ ಮುಂದ ಹಾರೂವಾಗ’ ಅಂದೆ. ಅಪ್ಪ ತಾಟಿನಲ್ಲಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಚೀಲದ ಭಾರ ಅವನಿಗೆ ಬೆನ್ನಿನಿಂದ ಗೊತ್ತು. ಸ್ವಲ್ಪ ಹೊತ್ತಾದ ಮೇಲೆ ‘ಎಂಬತ್ತರಾಗ ಹೋದ್ರ?’ ಎಂದು ಕೇಳಿದ. ಎಂಬತ್ತಕ್ಕೆ ಹೋದರೆ ಬಡಿತದ ಶಕ್ತಿ ಅರವತ್ತಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಎಂದೆ.

ಬೆಲ್ಟ್ ಇಲ್ಲದ ಗಾಡಿಯಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಡ್ರೈವರನ ಕಾಲೊಂದೇ. ಆದ್ದರಿಂದ ಮೂರು ಮಾತು ಆದವು. ಅರವತ್ತು ದಾಟಬಾರದು. ಕತ್ತಲಾದ ಮೇಲೆ ಓಡಿಸಬಾರದು, ಒಂದು ರಾತ್ರಿ ಸವದತ್ತಿಯಲ್ಲಿ ತಂಗಬೇಕು. ಹುಡುಗರನ್ನು ಎತ್ತಿಕೊಂಡವರು ಮುಂದಿನ ಸೀಟಿನಲ್ಲಿ ಕೂರಬಾರದು, ನಡುವಿನ ಸೀಟಿಗೇ ಬರಬೇಕು. ಇದು ಸುರಕ್ಷಿತ ಎಂದು ನಾನು ಹೇಳುವುದಿಲ್ಲ. ಇನ್ನೊಂದಿಷ್ಟು ದುಡ್ಡು ಇದ್ದಿದ್ದರೆ ಬೆಲ್ಟ್ ಇರುವ ಎರಡು ಕಾರು ಮಾಡುತ್ತಿದ್ದೆವು, ಆಯಿ ಒಂದರಲ್ಲಿ, ಅವ್ವ ಇನ್ನೊಂದರಲ್ಲಿ. ಆದರೆ ಎಲ್ಲರೂ ಒಂದೇ ಗಾಡಿಯಲ್ಲಿ ಇರುವುದಕ್ಕಲ್ಲವೇ ಗಾಡಿ ಮಾಡುವುದು ಎಂದು ಆಯಿಯೇ ಕೇಳುತ್ತಿದ್ದಳು, ಅದೂ ನಿಜ.

ವೈನಿ ಮಕ್ಕಳೊಂದಿಗೆ ತಿಕೋಟಾದ ತವರುಮನೆಯಲ್ಲಿದ್ದಳು. ನಸುಕಿನಲ್ಲಿ ಮೊದಲು ಅಲ್ಲಿಗೆ ಹೋದೆವು. ಡಿಸೆಂಬರಿನ ತಿಕೋಟಾ ಎಂದರೆ ದ್ರಾಕ್ಷಿ ಪಡಗಳ ಮೇಲೆ ಇಬ್ಬನಿ. ಮಣೂಕ ಒಣಗಿಸುವ ಶೆಡ್ಡುಗಳು ಇನ್ನೂ ಖಾಲಿ, ಅವುಗಳ ಸುಗ್ಗಿ ಬೇಸಿಗೆ ಹತ್ತಿರ ಬಂದಾಗ. ವೈನಿಯ ಅವ್ವ ಹೋದ ವರ್ಷದ ಮಣೂಕವನ್ನು ಒಂದು ಡಬ್ಬಿ ತುಂಬಿ ಕೊಟ್ಟರು. ಆ ಡಬ್ಬಿ ಎರಡು ದಿನ ಆಟಿಗೆಯೂ ಆಯಿತು, ಲಂಚವೂ ಆಯಿತು. ಅಲ್ಲಿಂದ ಒಳರಸ್ತೆಯಲ್ಲಿ ಬಬಲೇಶ್ವರಕ್ಕೆ ಬಂದು ಆಯಿಯನ್ನು ಹತ್ತಿಸಿಕೊಂಡೆವು.

ಆಯಿಗೆ ಎಂಬತ್ತು ದಾಟಿದೆ. ಅವಳ ಪಾಲಿಗೆ ಗಾಡಿ ಎಂದರೆ ಕೊಲ್ಲಾರಿ ಬಂಡಿ. ಅಪ್ಪ ಒಂದೂವರೆ ವರ್ಷದ ಕೂಸಾಗಿದ್ದಾಗ ಬಬಲೇಶ್ವರದಿಂದ ಯಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿಕೊಂಡು ಹೋಗಿದ್ದರಂತೆ, ಭರತ ಹುಣ್ಣಿಮೆಗೆ. ಹೋಗಲು ಐದು ದಿನ, ಬರಲು ಐದು ದಿನ. ಬಂಡಿಯ ಕಮಾನಿಗೆ ಸೀರೆಯ ಜೋಳಿಗೆ ಕಟ್ಟಿ ಅದರಲ್ಲಿ ಅಪ್ಪನನ್ನು ಮಲಗಿಸಿದ್ದರು. ‘ಅಷ್ಟ ದಿನಾ ಕೂಸಿನ್ನ ಹೆಂಗ ಸಂಬಾಳಿಸಿದಿ ಆಯಿ?’ ಎಂದು ವೈನಿ ಕೇಳಿದಳು. ‘ಸಂಬಾಳಿಸೂದ ಏನವ್ವಾ? ಕೂಸು ಅತ್ತರ ಎತ್ತ ನಿಂದ್ರತಿದ್ದೂ. ಇಳದ ಎತ್ಗೊಂಡ ಗಾಡಿ ಹಿಂದ ನಡಕೋತ ಹೋಗೂದು. ಸಾಕಾತಂದ್ರ ಮತ್ತ ಹತ್ತೂದು.’

ಈ ಮಾತನ್ನು ನಾನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ. ಬಂಡಿ ಮನುಷ್ಯನ ನಡಿಗೆಯಷ್ಟೇ ವೇಗದ್ದು. ಆದ್ದರಿಂದ ಕೂಸು ಇಳಿಯಬಹುದಿತ್ತು. ಕ್ರೂಸರಿನಲ್ಲಿ ಕೂಸು ಇಳಿಯಬೇಕೆಂದರೆ ಹತ್ತು ಮಂದಿ ನಿಲ್ಲಬೇಕು. ಹತ್ತು ಮಂದಿಗೆ ಊರು ಮುಟ್ಟುವ ಅವಸರ. ಒಂದೂವರೆ ವರ್ಷದವನಿಗೆ ಗೋಕರ್ಣ ಇಲ್ಲ, ಧಾರವಾಡ ಇಲ್ಲ. ಅವನಿಗೆ ಇರುವುದು ಕಾಲು ಮತ್ತು ಆ ಕಾಲನ್ನು ಈಗಷ್ಟೇ ಕಲಿತ ಖುಷಿ. ಅಂಥವನನ್ನು ತಾಸುಗಟ್ಟಲೆ ತೊಡೆಯ ಮೇಲೆ ಅದುಮಿ ಹಿಡಿದರೆ ಅವನು ಅಳುವುದನ್ನು ನಾವು ಹಟ ಎಂದು ಕರೆಯುತ್ತೇವೆ. ಹಾಗಾಗಿ ಒಂದೂವರೆ ತಾಸಿಗೊಮ್ಮೆ ನಿಲ್ಲುವುದು ಎಂದು ನಾಲ್ಕನೇ ಮಾತೂ ಆಯಿತು. ಡ್ರೈವರ್ ಅಪ್ಪನ ಮುಖ ನೋಡಿ ‘ಸಾಹುಕಾರ್ರ, ಹಿಂಗ ನಿಂದ್ರಕೋತ ಹೋದ್ರ ಶಿವರಾತ್ರಿಗೆ ಮುಟ್ಟತೇವ್ರಿ’ ಅಂದ.

ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆ ಸಿಗುತ್ತಾಳೆ. ಇಲ್ಲಿ ಅಪ್ಪನದು ಪ್ರತಿಸಲದ ಕಥೆ: ಸರಕಾರ ಮಾಡಲಿಲ್ಲವೆಂದು ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಹೊಳೆಗೆ ಬ್ಯಾರೇಜು ಕಟ್ಟಿದ ಕಥೆ. ಶ್ರಮಬಿಂದು ಸಾಗರ. ಅದಕ್ಕೆ ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು, 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅಪ್ಪನ ಕಥೆ ಯಾವಾಗಲೂ ಇಲ್ಲಿಗೆ ಮುಗಿಯುತ್ತಿತ್ತು. ಈ ಸಲ ಅವನೇ ಮುಂದುವರಿಸಿದ: ‘ಅಂಥಾ ಮನಷ್ಯಾ, ಎರಡ ಸಾವಿರದ ಹದಿನೆಂಟರಾಗ ಆರಿಸಿ ಬಂದ ಹದಿನೈದ ದಿನದಾಗ ರಸ್ತೆ ಮ್ಯಾಲ ಹೋದ.’ ನ್ಯಾಮಗೌಡರು ಆ ವರ್ಷದ ಮೇ ತಿಂಗಳಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಅಪ್ಪ ಮುಂದಕ್ಕೆ ಬಾಗಿ ಮೀಟರ್ ನೋಡಿದ. ಅಲ್ಲಿಂದ ಮುಂದೆ ಮುಳ್ಳು ಅರವತ್ತು ದಾಟಿದರೆ ಹಿಂದಿನಿಂದ ಒಂದೇ ಮಾತು ಬರುತ್ತಿತ್ತು: ‘ತಮ್ಮಾ, ಎರಡ ಚೀಲ.’ ಡ್ರೈವರನಿಗೆ ಇದರ ಅರ್ಥ ಮುಧೋಳದವರೆಗೂ ಆಗಿರಲಿಲ್ಲ. ಕ್ಯಾರಿಯರ್ ಮೇಲೆ ನಾವು ಏನೋ ಚೀಲ ಹೇರಿದ್ದೇವೆ ಎಂದು ತಿಳಿದಿದ್ದ.

ಜಮಖಂಡಿಯಿಂದ ಮುಧೋಳದ ತನಕ ಡಿಸೆಂಬರಿನಲ್ಲಿ ರಸ್ತೆ ಕಬ್ಬಿನದು. ಕಾರ್ಖಾನೆಗಳು ನುರಿಸುವ ಕಾಲ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಹಾಡು ಜೋರು, ಹಿಂದೆ ದೀಪ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಮುಧೋಳ ಇನ್ನೂ ದೂರ ಇರುವಾಗ ಚಹಾದಂಗಡಿಯ ಎದುರು ನಿಂತೆವು. ಅಲ್ಲೇ ಒಂದು ಟ್ರ್ಯಾಕ್ಟರೂ ನಿಂತಿತ್ತು. ಟ್ರೇಲರಿನಲ್ಲಿ ಕಬ್ಬು ಇರಲಿಲ್ಲ, ಸಂಸಾರಗಳಿದ್ದವು. ಕಬ್ಬು ಕಡಿಯುವ ಗ್ಯಾಂಗು ಒಂದು ಊರಿನ ಫಡ ಮುಗಿಸಿ ಇನ್ನೊಂದಕ್ಕೆ ಹೊರಟಿತ್ತು. ಸುತ್ತಿದ ತಾಡಪತ್ರಿ, ಗಳ, ಕೊಡ, ಬುಟ್ಟಿಯಲ್ಲಿ ಎರಡು ಕೋಳಿ. ಟ್ರೇಲರಿನ ಎರಡು ಮೂಲೆಗೆ ಹಗ್ಗ ಬಿಗಿದು ಸೀರೆಯ ಜೋಳಿಗೆ. ಅದರಲ್ಲಿ ಒಂದು ಕೂಸು. ಆಯಿಯ ಕೊಲ್ಲಾರಿ ಬಂಡಿಯ ಜೋಳಿಗೆಯೇ. ಎಳೆಯುವುದು ಮಾತ್ರ ಎತ್ತಲ್ಲ.

ಈ ಗ್ಯಾಂಗುಗಳ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’. ಕೋಯ್ತಾ ಎಂದರೆ ಕುಡುಗೋಲು. ಮುಂಗಡ ಕೊಡುವುದು ಕೋಯ್ತಾಕ್ಕೆ, ಕೂಲಿ ಕೋಯ್ತಾಕ್ಕೆ. ಮಹಾರಾಷ್ಟ್ರದ ಬೀಡ ಕಡೆಯಿಂದ ಈ ಸೀಮೆಗೆ ಬರುತ್ತಾರೆ, ನಮ್ಮ ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಅತ್ತ ಹೋಗುತ್ತಾರೆ. ಇಬ್ಬರೂ ಕಡಿದರೇ ಒಂದು ಕೋಯ್ತಾ ಆದ್ದರಿಂದ ಕೂಸನ್ನು ಮನೆಯಲ್ಲಿ ಬಿಟ್ಟು ಬರಲು ತಾಯಿಗೆ ಆಗುವುದಿಲ್ಲ. ಕೂಸೂ ಬರುತ್ತದೆ. ಲೆಕ್ಕದಲ್ಲಿ ಇಲ್ಲಿಯೂ ಅದು ‘ಮ್ಯಾಲ’. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು 2023ರಲ್ಲಿ ನಮ್ಮ ರಾಜ್ಯ ಸರಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುಮಾಡಿತು, ಒಳ್ಳೆಯದೇ. ಆದರೆ ಅದು ಊರಲ್ಲಿ ಉಳಿದವರ ಕೂಸಿಗೆ. ಗಾಲಿಯ ಮೇಲೆ ಇರುವ ಕೂಸಿಗೆ ಯಾವ ಪಂಚಾಯಿತಿ?

ವೈನಿ ಮಗಳಿಗೆ ಮೊಸರನ್ನ ಉಣಿಸುತ್ತಿದ್ದಳು. ಜೋಳಿಗೆಯ ಕೂಸು ಎದ್ದು, ಸೀರೆಯ ಅಂಚಿನ ಮೇಲೆ ಗದ್ದ ಇಟ್ಟು ನೋಡತೊಡಗಿತು. ನಮ್ಮ ಹುಡುಗಿ ಮಣೂಕದ ಡಬ್ಬಿ ಹಿಡಿದು ಟ್ರೇಲರ್ ತನಕ ನಡೆದು ಹೋದಳು. ಎತ್ತರ ಮುಟ್ಟಲಿಲ್ಲ. ಟ್ರೇಲರಿನಲ್ಲಿದ್ದ ಹೆಣ್ಣುಮಗಳೊಬ್ಬಳು ಕೈಚಾಚಿ ನಾಲ್ಕು ಮಣೂಕ ಇಸಿದುಕೊಂಡು ಕೂಸಿನ ಬಾಯಿಗೆ ಒಂದು ಹಾಕಿ, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡಳು. ಆಕೆಗೆ ನನ್ನಷ್ಟೂ ವಯಸ್ಸು ಇರಲಿಲ್ಲ. ವೈನಿ ‘ಎಷ್ಟ ತಿಂಗಳ?’ ಎಂದು ಬೆರಳು ಮಡಚಿ ಕೇಳಿದಳು. ಆಕೆ ಮರಾಠಿಯಲ್ಲಿ ಏನೋ ಹೇಳಿ, ಹಾಗೆಯೇ ಬೆರಳಿನಲ್ಲಿ ಹತ್ತು ತೋರಿಸಿದಳು. ಟ್ರ್ಯಾಕ್ಟರ್ ಹೊರಟಿತು. ಅಪ್ಪ ಅದರ ಹಿಂದೆಯೇ ನೋಡುತ್ತ ನಿಂತಿದ್ದ. ‘ಎರಡ ಚೀಲ’ ಅನ್ನಲಿಲ್ಲ.

ಮಕ್ಕಳೊಂದಿಗೆ ದಾರಿ ಸಾಗುವುದರ ಬಗ್ಗೆ ಬರೆಯುವವರು ಆಟಿಕೆ, ತಿಂಡಿ, ಮೊಬೈಲಿನ ಬಗ್ಗೆ ಬಹಳ ಬರೆಯುತ್ತಾರೆ. ನಾನು ನೋಡಿದ ಮಟ್ಟಿಗೆ ನಿಜವಾದ ಪ್ರಶ್ನೆ ನೀರು ಮತ್ತು ಮರೆಯದು. ವೈನಿ ಹಾಲು ಕುಡಿಸಲು ಒಂದು ಮೂಲೆ, ಕೂಸಿನ ಕುಂಡಿ ತೊಳೆಯಲು ಒಂದು ನಳ, ತಾನು ಹೋಗಿಬರಲು ಒಂದು ಬಾಗಿಲು. ಇವು ಮೂರೂ ಒಂದೇ ಕಡೆ ಸಿಕ್ಕದ್ದು 350 ಕಿಲೋಮೀಟರಿನಲ್ಲಿ ಎರಡು ಕಡೆ. ಒಂದು ಖಾನಾವಳಿಯಲ್ಲಿ ಹೆಂಗಸರ ಶೌಚಾಲಯಕ್ಕೆ ಕೀಲಿ ಹಾಕಿ ಒಳಗೆ ಉಳ್ಳಾಗಡ್ಡಿ ಚೀಲ ಒಟ್ಟಿದ್ದರು. ವೈನಿ ಎರಡೂ ದಿನ ನೀರು ಕಡಿಮೆ ಕುಡಿದಳು, ಹಾಲು ಕುಡಿಸುವ ಹೆಂಗಸು. ಅಣ್ಣ ಒಳ್ಳೆಯವನೇ, ಆದರೆ ಅವನು ಗಾಡಿಯಿಂದ ಇಳಿದಾಗೆಲ್ಲ ಮೊದಲು ಮೈಮುರಿಯುತ್ತಿದ್ದ. ವೈನಿ ಮೈಮುರಿದದ್ದನ್ನು ನಾನು ಕಾಣಲಿಲ್ಲ. ಸವದತ್ತಿಯಲ್ಲಿ ರಾತ್ರಿ ಹುಡುಗರನ್ನು ಅಣ್ಣನ ಕೈಗೆ ಕೊಟ್ಟು, ಆಕೆಯನ್ನು ಕರೆದುಕೊಂಡು ಗುಡ್ಡದ ಮೆಟ್ಟಿಲ ಮೇಲೆ ಸುಮ್ಮನೆ ಕೂತೆ. ಅರ್ಧ ತಾಸು ಆಕೆ ಒಂದು ಮಾತೂ ಆಡಲಿಲ್ಲ.

ಮರುದಿನ ಧಾರವಾಡ, ಕಲಘಟಗಿ, ಯಲ್ಲಾಪುರ. ಅರಬೈಲ್ ಘಟ್ಟದ ತಿರುವುಗಳಲ್ಲಿ ಹುಡುಗರಿಗೆ ಏನಾಗುವುದೋ ಎಂದು ಅವ್ವ ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದಳು. ಎರಡು ವರ್ಷ ತುಂಬದವರಿಗೆ ಪ್ರಯಾಣದ ವಾಂತಿ ಬರುವುದು ಅಪರೂಪ, ಅದು ಹೆಚ್ಚಾಗುವುದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಸಣ್ಣವನು ಗಡದ್ದಾಗಿ ನಿದ್ದೆ ಹೋದ. ವಾಂತಿ ಮಾಡಿಕೊಂಡವರು ಆಯಿ ಮತ್ತು ಕಾಕಾ. ಪ್ರತಿಸಲ ಕಾಕಾ ‘ಓಂ’ ಎಂದು ಸದ್ದು ಮಾಡಿದಾಗ ಹುಡುಗಿ ಚಪ್ಪಾಳೆ ಹೊಡೆದು ‘ಮತ್ತೊಮ್ಮಿ, ಅಜ್ಜಾ’ ಎನ್ನುತ್ತಿದ್ದಳು.

ಸಮುದ್ರದ ಬಗ್ಗೆ ಹೆಚ್ಚು ಬರೆಯಲು ಇಲ್ಲ. ಹುಡುಗಿ ನೋಡಿದ ಕೂಡಲೇ ‘ಹೊಳಿ’ ಅಂದಳು. ಸಣ್ಣವನು ಅದಕ್ಕೆ ಬೆನ್ನು ಕೊಟ್ಟು ಕೂತು ಒಂದು ಬಾಟಲಿ ಮುಚ್ಚಳಕ್ಕೆ ಉಸುಕು ತುಂಬಿದ, ಸುರುವಿದ, ತುಂಬಿದ. ‘ಇವಕ್ಕ ಏನ ನೆನಪ ಉಳೀತೈತಿ, ಸುಮ್ನ ರೊಕ್ಕಾ ದಂಡ’ ಎಂದು ಕಾಕಿ ಗೊಣಗಿದಳು. ಆ ಮಾತಿನಲ್ಲಿ ಹುರುಳಿದೆ. ದೊಡ್ಡವರಾದ ಮೇಲೆ ಬಹಳ ಜನರಿಗೆ ಉಳಿಯುವ ಮೊದಲ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು. ಸಣ್ಣವನಿಗಂತೂ ಗೋಕರ್ಣ ಉಳಿಯುವುದಿಲ್ಲ. ಅಪ್ಪನಿಗೂ ತನ್ನ ಕೊಲ್ಲಾರಿ ಬಂಡಿ ನೆನಪಿಲ್ಲ. ಅದು ನೆನಪಿರುವುದು ಆಯಿಗೆ.

ತಿರುಗಿ ಬಂದು ಎರಡು ತಿಂಗಳಾದ ಮೇಲೆ, ಫೆಬ್ರುವರಿಯಲ್ಲಿ, ಮನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಹೋಯಿತು. ಹುಡುಗಿ ಓಡಿ ಬಂದು ಕಟ್ಟೆಯ ಮೇಲೆ ಹತ್ತಿ ನಿಂತು ಟ್ರೇಲರಿನೊಳಗೆ ಇಣುಕಿದಳು. ಬರೀ ಕಬ್ಬು. ‘ಯವ್ವಾ, ಆ ಪಾಪು ಮನಿಗಿ ಹೋತೇನ?’ ಎಂದು ಕೇಳಿದಳು. ಯಾವ ಪಾಪು ಎಂದು ನಮ್ಮಲ್ಲಿ ಯಾರಿಗೂ ಕ್ಷಣಕಾಲ ಹೊಳೆಯಲಿಲ್ಲ. ವೈನಿಗೆ ಹೊಳೆಯಿತು. ಜೋಳ ಹಸನು ಮಾಡುತ್ತಿದ್ದವಳು ಮರ ಕೆಳಗಿಡದೆ ಹೇಳಿದಳು:

‘ಇಲ್ಲವ್ವಾ, ಕಾರ್ಖಾನಿ ಇನ್ನಾ ಬಂದ್ ಆಗಿಲ್ಲ.’