ಹತ್ತನೆಯದನ್ನು ಹಾರಿಸುವವರು

ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಫ್ಯಾಂಟಸಿ ಕಪಾಟಿನ ಮುಂದೆ ಸುಮ್ಮನೆ ನಿಲ್ಲುವ ಚಟವಿದ್ದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ರಾಬರ್ಟ್ ಜೋರ್ಡನ್ನನ ‘ದಿ ವೀಲ್ ಆಫ್ ಟೈಮ್’ ಸರಣಿಯ ನಾಲ್ಕನೆಯ ಸಂಪುಟ ಬೇಕೆಂದರೆ ತಿಂಗಳುಗಟ್ಟಲೆ ಎಡತಾಕಬೇಕು. ಹತ್ತನೆಯದು ಮಾತ್ರ ಯಾವಾಗ ಹೋದರೂ ಇರುತ್ತದೆ, ಅದೂ ಎರಡು ಮೂರು ಪ್ರತಿ. ಪುಸ್ತಕದ ಬೆನ್ನು ನೋಡಿದರೆ ಹಿಂದಿನ ಒಡೆಯ ಎಲ್ಲಿಗೆ ಕೈಚೆಲ್ಲಿದ ಎಂಬುದೂ ತಿಳಿಯುತ್ತದೆ: ಮೊದಲ ಕಾಲು ಭಾಗದಷ್ಟು ಬಿಳಿ ಸುಕ್ಕು, ಮಿಕ್ಕಿದ್ದೆಲ್ಲ ಅಚ್ಚುಕಟ್ಟಾದ ಕಪ್ಪು.

ಮೊನ್ನೆ ಅಲ್ಲೇ ಒಬ್ಬ ಹುಡುಗ ಒಂಬತ್ತನೆಯದನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತನೆಯದಕ್ಕೆ ಕೈ ಹಾಕಿದ. ಜೊತೆಗಿದ್ದ ಗೆಳೆಯ ತಡೆದ. “ಅದು ಬೇಡ ಮಗಾ, ಏನೂ ಆಗಲ್ಲ ಅದ್ರಲ್ಲಿ. ಸಮ್ಮರಿ ಓದ್ಕೊಂಡು ಸೀದಾ ಹನ್ನೊಂದಕ್ಕೆ ಜಂಪ್ ಮಾಡು.” ಹುಡುಗ ವಿಧೇಯನಾಗಿ ಪುಸ್ತಕವನ್ನು ವಾಪಸಿಟ್ಟ. ನನಗೆ ಸಂಬಂಧವೇ ಇಲ್ಲದ ವ್ಯವಹಾರ. ಆದರೂ ಮೈ ಉರಿಯಿತು.

ಏನೂ ಆಗುವುದಿಲ್ಲ ಎನ್ನುವುದು ಸುಳ್ಳೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಎಂಬ ಈ ಹತ್ತನೆಯ ಸಂಪುಟ ಬಂದದ್ದು 2003ರ ಜನವರಿಯಲ್ಲಿ. ಬಂದದ್ದೇ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯ ನೆತ್ತಿಗೆ ಹೋಗಿ ಕೂತಿತು. ಕೊಂಡವರೇ ಬೈದರು, ಬೈಯುತ್ತಲೇ ಕೊಂಡರು. ಅಂದಿನಿಂದ ಈ ಸರಣಿಯ ಓದುಗರಲ್ಲಿ ಎರಡು ಪಂಗಡ. ಈ ಪುಸ್ತಕವನ್ನು ಹರಿದು ಒಲೆಗೆ ಹಾಕಬೇಕೆನ್ನುವವರು ಒಂದು ಕಡೆ. ನಿಮಗೆ ತಾಳ್ಮೆಯಿಲ್ಲ, ಇದೆಲ್ಲ ಲೋಕನಿರ್ಮಾಣ ಎಂದು ಕಣ್ಣು ಮುಚ್ಚಿ ತಲೆದೂಗುವವರು ಇನ್ನೊಂದು ಕಡೆ. ಇಬ್ಬರ ಸಹವಾಸವೂ ನನಗೆ ಸಾಕಾಗಿದೆ.

ದೋಷ ಎಲ್ಲಿದೆ ಎಂಬುದನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ. ನಿಧಾನ ಎನ್ನುತ್ತಾರೆ. ನಿಧಾನಕ್ಕೇನು, ಜೋರ್ಡನ್ ಮೊದಲ ಸಂಪುಟದಿಂದಲೂ ನಿಧಾನದವನೇ. ಒಬ್ಬಳು ಕೋಣೆಗೆ ಕಾಲಿಟ್ಟರೆ ಅವಳ ತೋಳಿನ ಕಸೂತಿ, ಕುರ್ಚಿಯ ಕೆತ್ತನೆ, ಚಹಾ ಆರಿದೆಯೋ ಬಿಸಿಯಿದೆಯೋ ಎಲ್ಲ ಹೇಳಿಯೇ ಅವಳನ್ನು ಕೂರಿಸುವ ಮನುಷ್ಯ. ಈ ಸರಣಿಯನ್ನು ನಾನು ಓದುವುದು ಪೆನ್ಸಿಲ್ ಹಿಡಿದು. ನೈನೀವ್ ಎಂಬ ಪಾತ್ರ ಜಡೆ ಎಳೆದುಕೊಂಡಲ್ಲಿ ಅಂಚಿನಲ್ಲಿ ಒಂದು ಚುಕ್ಕೆ, ಯಾವಳಾದರೂ ಲಂಗ ಸವರಿಕೊಂಡರೆ ಒಂದು ಗೀಟು. ಇದು ಲೇಖಕನಿಗೆ ಮಾಡುವ ಅವಮಾನ ಎಂದು ಸ್ನೇಹಿತರೊಬ್ಬರು ಮುನಿಸಿಕೊಂಡಿದ್ದಾರೆ. ಅವಮಾನವಲ್ಲ, ಆತ್ಮೀಯತೆ. ಮನೆಯ ಹಿರಿಯರು ಒಂದೇ ಕಥೆಯನ್ನು ಮತ್ತೆ ಹೇಳುವಾಗ ಮೊಮ್ಮಕ್ಕಳು ಬೆರಳು ಮಡಚುವುದಿಲ್ಲವೇ?

ಹತ್ತನೆಯ ಸಂಪುಟದಲ್ಲಿ ನೈನೀವ್ ಹೆಚ್ಚು ಕಾಣಿಸಿಕೊಳ್ಳುವುದಿಲ್ಲ, ಹಾಗಾಗಿ ಚುಕ್ಕೆ ಕಡಿಮೆ, ಗೀಟು ವಿಪರೀತ. ಆದರೆ ಅಲ್ಲಿ ಮೂರನೆಯದೊಂದು ಗುರುತು ಬೇಕಾಯಿತು: ಯಾರಾದರೂ ಮಾಡುತ್ತಿದ್ದ ಕೆಲಸ ಬಿಟ್ಟು ದೂರದ ದಿಗಂತದ ಕಡೆ ತಿರುಗಿದರೆ ಒಂದು ನಕ್ಷತ್ರ. ದೋಷ ಇರುವುದು ಈ ನಕ್ಷತ್ರಗಳಲ್ಲಿ.

ಒಂಬತ್ತನೆಯದಾದ ‘ವಿಂಟರ್ಸ್ ಹಾರ್ಟ್’ 2000ದಲ್ಲಿ ಬಂತು. ಅದರ ಕೊನೆಯಲ್ಲಿ ಕಥಾನಾಯಕ ರಾಂಡ್ ಮತ್ತು ನೈನೀವ್ ಸೇರಿ, ಗಂಡಸರು ಬಳಸುವ ಮಾಂತ್ರಿಕ ಶಕ್ತಿಯಾದ ಸೈದೀನ್‌ಗೆ ಅಂಟಿದ ಕೊಳೆಯನ್ನು ತೊಳೆಯುತ್ತಾರೆ. ಗಂಡಸರನ್ನು ಹುಚ್ಚರನ್ನಾಗಿಸುತ್ತಿದ್ದ, ಮೂರು ಸಾವಿರ ವರ್ಷಕ್ಕೂ ಹಳೆಯ ವಿಷ ಅದು. ಶದಾರ್ ಲೊಗೋತ್ ಎಂಬ ಹಾಳು ನಗರಕ್ಕೆ ನಗರವೇ ಕುಸಿದು ಹೊಂಡವಾಗುತ್ತದೆ. ಸರಣಿಯಲ್ಲಿ ಅದಕ್ಕಿಂತ ದೊಡ್ಡದು ಇನ್ನು ಉಳಿದದ್ದು ಕೊನೆಯ ಯುದ್ಧ ಒಂದೇ. ಆಮೇಲೆ ಓದುಗರು ಎರಡು ವರ್ಷಕ್ಕೂ ಮಿಕ್ಕಿ ಕಾದರು. ಹತ್ತನೆಯದನ್ನು ತೆರೆದರೆ ಜೋರ್ಡನ್ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದಾನೆ. ಅದೇ ದಿನ, ಅದಕ್ಕೂ ಕೆಲವು ದಿನ ಮುಂಚೆ, ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯವರು ಏನು ಮಾಡುತ್ತಿದ್ದರು? ಕೇಮ್ಲಿನ್‌ನಲ್ಲಿ ಇಲೇನ್ ಇದ್ದಾಳೆ, ಅವಳಿಗೆ ಆ ಶಕ್ತಿಯ ಉರಿ ತಿಳಿಯುತ್ತದೆ. ಟಾರ್ ವಾಲೊನ್ ಮುತ್ತಿಗೆಯ ಪಾಳೆಯದಲ್ಲಿ ಎಗ್ವೇನ್ ಇದ್ದಾಳೆ, ಅಲ್ಲೂ ತಿಳಿಯುತ್ತದೆ. ರಾಂಡ್‌ನ ಗೆಳೆಯ ಪೆರಿನ್‌ನ ಶಿಬಿರದಲ್ಲಿ ಶಕ್ತಿ ಬಲ್ಲವರಿಗೆಲ್ಲ ತಿಳಿಯುತ್ತದೆ. ಹೇಗಿದೆಯೆಂದರೆ, ಮದುವೆಮನೆಯಲ್ಲಿ ಧಾರೆ ಮುಗಿದು ಹೋಗಿದೆ. ಊಟದ ಪಂಕ್ತಿಯಲ್ಲಿ ಕೂತವರು ಒಬ್ಬೊಬ್ಬರಾಗಿ, ಗಟ್ಟಿಮೇಳ ಕೇಳಿಸಿದಾಗ ತಾನು ಚಪ್ಪಲಿ ಹುಡುಕುತ್ತಿದ್ದೆ, ತಾನು ಬಸ್ ಇಳಿಯುತ್ತಿದ್ದೆ ಎಂದು ವಿವರಿಸುತ್ತಿದ್ದಾರೆ. ಕೇಳುವ ನಾವು ಮಂಟಪದ ಎದುರೇ ಕೂತು ಅಕ್ಷತೆ ಹಾಕಿ ಬಂದವರು.

ಇದು ನಿಧಾನದ ದೋಷವಲ್ಲ, ಜೋಡಣೆಯ ದೋಷ. ಅನುಮಾನವಿದ್ದವರು ಮೂರನೆಯ ಸಂಪುಟ ತೆಗೆದು ನೋಡಲಿ. 1991ರ ‘ದಿ ಡ್ರ್ಯಾಗನ್ ರೀಬಾರ್ನ್’. ಶೀರ್ಷಿಕೆಯೇ ರಾಂಡ್‌ನ ಬಿರುದು, ಆದರೆ ಅವನು ಸಿಗುವುದು ಬೆರಳೆಣಿಕೆಯ ಪುಟಗಳಲ್ಲಿ. ಹತ್ತನೆಯದರಲ್ಲಿ ರಾಂಡ್ ಇಲ್ಲವೆಂದು ಎದೆ ಬಡಿದುಕೊಂಡವರು ಮೂರನೆಯದರ ಬಗ್ಗೆ ಚಕಾರವೆತ್ತುವುದಿಲ್ಲ. ಯಾಕೆಂದರೆ ಅಲ್ಲಿ ಉಳಿದವರೆಲ್ಲ ಅವನ ಬೆನ್ನು ಹತ್ತಿ ಓಡುತ್ತಿದ್ದಾರೆ. ಪಾತ್ರ ಇಲ್ಲದಿದ್ದರೂ ದಾರಿ ಅವನ ಕಡೆಗೇ ಇದೆ. ಹತ್ತನೆಯದರಲ್ಲಿ ಎಲ್ಲರೂ ಅವನ ಕಡೆ ತಿರುಗಿ ನೋಡುತ್ತಾರೆ, ಆಮೇಲೆ ತಮ್ಮ ಪಾಡಿಗೆ ಚಹಾ ಕುಡಿಯುತ್ತಾರೆ.

ಇದೇ ಹೊಂಡಕ್ಕೆ, ಹತ್ತನೆಯದು ಬಂದ ಎರಡು ವರ್ಷದ ಬಳಿಕ, ಜಾರ್ಜ್ ಆರ್. ಆರ್. ಮಾರ್ಟಿನ್ ಇನ್ನೊಂದು ದಡದಿಂದ ಬಿದ್ದ. ‘ಎ ಫೀಸ್ಟ್ ಫಾರ್ ಕ್ರೋಸ್’ ದಪ್ಪವಾಯಿತೆಂದು ಕಥೆಯನ್ನು ಕಾಲದ ಬದಲು ಸ್ಥಳ ನೋಡಿ ಸೀಳಿದ. ಮುಖ್ಯ ಪಾತ್ರಗಳಾದ ಜಾನ್, ಟಿರಿಯನ್, ಡೆನೇರಿಸ್ ಮೂವರೂ ಆಚೆ ಹೋಳಿಗೆ ಹೋದರು. ಆ ಹೋಳು ಮರುವರ್ಷ ಬರಬಹುದೆಂದು ಪುಸ್ತಕದ ಕೊನೆಯಲ್ಲಿ ಆಸೆ ತೋರಿಸಿದ. ಬಂದದ್ದು 2011ರ ಜುಲೈಯಲ್ಲಿ. ಈಗ ಕೆಲವು ಶ್ರಮಜೀವಿಗಳು ಎರಡೂ ಪುಸ್ತಕಗಳ ಅಧ್ಯಾಯಗಳನ್ನು ಎಳೆ ಎಳೆಯಾಗಿ ಹೆಣೆದು, ಇದೇ ಸರಿಯಾದ ಓದಿನ ಕ್ರಮ ಎಂದು ಪಟ್ಟಿ ಕೊಡುತ್ತಾರೆ. ಅವರ ಶ್ರಮ ದೊಡ್ಡದು, ಕಿವಿ ಸಣ್ಣದು. ‘ಫೀಸ್ಟ್’ನಲ್ಲಿ ರಾಣಿ ಸೆರ್ಸಿಯ ಅಧ್ಯಾಯಗಳು ಒಂದರ ಮೇಲೊಂದು ಬಂದು ಉಸಿರು ಕಟ್ಟಿಸಬೇಕು, ಬ್ರಿಯೆನ್ ಯುದ್ಧ ಮುಗಿದ ಊರುಗಳಲ್ಲಿ ಸುಮ್ಮನೆ ಅಲೆಯಬೇಕು, ಬರಿಗಾಲಿನ ಪುರೋಹಿತ ಮೆರಿಬಾಲ್ಡ್ ಸೈನ್ಯ ಬಿಟ್ಟೋಡಿದ ಬಡಪಾಯಿಗಳ ಪಾಡು ಹೇಳುವಾಗ ನಾವೂ ಅದೇ ಕೆಸರಿನಲ್ಲಿರಬೇಕು. ನಡುವೆ ಡ್ರ್ಯಾಗನ್ ತಂದು ತುರುಕಿದರೆ ಆ ಕೆಸರು ಒಣಗಿಹೋಗುತ್ತದೆ. ಮಾರ್ಟಿನ್‌ನ ಸೀಳು ಅಡ್ಡಾದಿಡ್ಡಿಯಾದರೂ ಸಿಕ್ಕ ಹೋಳು ಒಳ್ಳೆಯದು. ಜೋರ್ಡನ್‌ನದು ಹಾಗಲ್ಲ.

ಹಾಗಿದ್ದರೆ ಹಾರಿಸಬಾರದೇಕೆ ಎಂದು ಆ ಹುಡುಗನ ಗೆಳೆಯ ಕೇಳಿಯಾನು. ಹೇಳುತ್ತೇನೆ. ಅದಕ್ಕೂ ಮುಂಚೆ ಕಾದವರ ಬಗ್ಗೆ ಒಂದು ಮಾತು.

ಫಯೀಲ್‌ಳನ್ನು ಶಾಯಿಡೊ ಎಂಬ ಬುಡಕಟ್ಟಿನವರು ಹೊತ್ತೊಯ್ದದ್ದು ಎಂಟನೆಯ ಸಂಪುಟದ ಕೊನೆಗೆ, ಅಂದರೆ 1998ರಲ್ಲಿ. ಗಂಡ ಪೆರಿನ್ ಅವಳನ್ನು ಬಿಡಿಸಿ ತಂದದ್ದು ಹನ್ನೊಂದನೆಯದರಲ್ಲಿ, 2005ರಲ್ಲಿ. ಅವಳು ಸೆರೆಯಾದ ಮೇಲೆ ಪೆರಿನ್ ಚರ್ಮದ ದಾರವೊಂದಕ್ಕೆ ದಿನಕ್ಕೊಂದು ಗಂಟು ಹಾಕುತ್ತಾ ಹೋಗುತ್ತಾನೆ. ಅವನು ದಿನಗಳನ್ನು ಎಣಿಸುತ್ತಿದ್ದರೆ ಪುಸ್ತಕದ ಹೊರಗಿನವರು ವರ್ಷಗಳನ್ನು ಎಣಿಸುತ್ತಿದ್ದರು. ಪಿಯುಸಿಯಲ್ಲಿದ್ದಾಗ ಫಯೀಲ್‌ಳನ್ನು ಕಳೆದುಕೊಂಡವನಿಗೆ ಅವಳು ಸಿಗುವ ಹೊತ್ತಿಗೆ ಕೆಲಸ ಸಿಕ್ಕಿ ಮದುವೆಯ ಮಾತುಕತೆ ನಡೆಯುತ್ತಿತ್ತು. ಸಾಲದ್ದಕ್ಕೆ 2004ರಲ್ಲಿ ಹನ್ನೊಂದನೆಯದರ ಬದಲು ‘ನ್ಯೂ ಸ್ಪ್ರಿಂಗ್’ ಬಂತು, ಇಪ್ಪತ್ತು ವರ್ಷ ಹಿಂದಿನ ಕಥೆ! ಅವತ್ತು ಬೈದವರ ಬೈಗುಳಕ್ಕೆ ನ್ಯಾಯವಿದೆ. ಇವತ್ತು ಹದಿನಾಲ್ಕೂ ಸಂಪುಟ ಒಟ್ಟಿಗೆ ಜೋಡಿಸಿಟ್ಟುಕೊಂಡು, ಹತ್ತನೆಯದನ್ನು ಒಂದೇ ವಾರದಲ್ಲಿ ಮುಗಿಸಿ, ಇದೇನು ಅಷ್ಟು ಕೆಟ್ಟದಾಗಿಲ್ಲವಲ್ಲ, ಹಿಂದಿನವರು ಸುಮ್ಮನೆ ರಂಪ ಮಾಡಿದರು ಎನ್ನುವವರನ್ನು ಕಂಡರೆ ನನಗೆ ಕಾದವರ ಪರವಾಗಿ ಕೋಪ ಬರುತ್ತದೆ.

ಈಗ ಸಾರಾಂಶದ ವಿಷಯ. ಹತ್ತನೆಯದರ ಸಾರಾಂಶ ಓದಿದರೆ ಒಂದು ವಾಕ್ಯ ಸಿಗುತ್ತದೆ: ಪೆರಿನ್ ಕೊಡಲಿಯನ್ನು ತ್ಯಜಿಸಿದ. ವರ್ತಮಾನ ಸರಿ. ಆದರೆ ಇದು ವರ್ತಮಾನವೇ?

ಪೆರಿನ್ ಕಮ್ಮಾರನ ಶಿಷ್ಯ. ಮೊದಲ ಸಂಪುಟದಲ್ಲೇ ಅವನ ಸೊಂಟಕ್ಕೆ ಅರ್ಧಚಂದ್ರದ ಕೊಡಲಿ ಬಂತು. ಅದನ್ನು ಕಂಡರೆ ಅವನಿಗೆ ಹೇಸಿಗೆ. ಹೇಸಿಗೆ ಇರುವವರೆಗೆ ಇಟ್ಟುಕೋ, ಅದು ಹೋದ ದಿನ ಬಿಸಾಡು ಎಂಬರ್ಥದ ಬುದ್ಧಿಮಾತನ್ನು ತೋಳಗಳ ಜೊತೆ ಬಾಳುವ ಎಲಿಯಾಸ್ ಆಗಲೇ ಹೇಳಿದ್ದ. 1990ರಲ್ಲಿ ಬಿತ್ತಿದ ಬೀಜ ಅದು. ಕಡಿಯುವ ಕೊಡಲಿಯೋ ಕಟ್ಟುವ ಸುತ್ತಿಗೆಯೋ ಎಂಬ ತಾಕಲಾಟ ಸಂಪುಟದಿಂದ ಸಂಪುಟಕ್ಕೆ ಅವನ ಜೊತೆ ನಡೆದುಬಂತು. ಹತ್ತನೆಯದರಲ್ಲಿ ಹೆಂಡತಿ ಸೆರೆಯಲ್ಲಿದ್ದಾಳೆ, ಸೈನ್ಯಕ್ಕೆ ಊಟವಿಲ್ಲ. ಧಾನ್ಯ ಕೊಳ್ಳಲು ಸೋ ಹಾಬೋರ್ ಎಂಬ ಊರಿಗೆ ಹೋಗುತ್ತಾನೆ. ಅಲ್ಲಿ ಜನ ಮೈ ತೊಳೆದುಕೊಳ್ಳುವುದನ್ನೇ ಬಿಟ್ಟಿದ್ದಾರೆ, ಬೀದಿಯಲ್ಲಿ ಸತ್ತವರು ಓಡಾಡುತ್ತಾರೆ, ಕಣಜದ ತುಂಬ ನುಸಿ. ಆ ಕಾಳನ್ನು ಚಳಿಯಲ್ಲಿ ತೂರಿ, ಹುಳು ಬೇರ್ಪಡಿಸಿ, ಮೂಟೆ ಕಟ್ಟಿ ತರಬೇಕು. ಪುಟದ ಮೇಲೆ ಪುಟ ನುಸಿ. ಗಂಡನಾದವನು ಹೆಂಡತಿಯನ್ನು ಹುಡುಕುವುದು ಬಿಟ್ಟು ಕಾಳು ಕೇರುತ್ತಿದ್ದಾನಲ್ಲ ಎಂದು ನಮಗೇ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಶಿಬಿರಕ್ಕೆ ಮರಳಿದರೆ ಸೆರೆಸಿಕ್ಕ ಶಾಯಿಡೊಗಳ ವಿಚಾರಣೆ ನಡೆದಿದೆ. ಅವರು ಐಯೀಲ್ ಎಂಬ ಯೋಧಜನ, ಕೆಂಡಕ್ಕೂ ಬಾಯಿ ಬಿಡುವುದಿಲ್ಲ. ಪೆರಿನ್ ಸೀದಾ ಹೋಗಿ ಒಬ್ಬನ ಕೈ ಕಡಿದು ಹಾಕುತ್ತಾನೆ. ಉಳಿದ ಕೈಕಾಲೂ ಹೋದಾವು, ಆದರೆ ಸಾಯಬಿಡುವುದಿಲ್ಲ, ಭಿಕ್ಷೆ ಬೇಡಿ ಬದುಕಬೇಕು ಎಂದು ತಣ್ಣಗೆ ತಿಳಿಸುತ್ತಾನೆ. ಆಮೇಲೆ ಆಚೆ ಬಂದು ಕೊಡಲಿಯನ್ನು ಮರಕ್ಕೆ ಬೀಸಿ ನೆಟ್ಟು, ಅಲ್ಲೇ ಬಿಟ್ಟು ಹೊರಡುತ್ತಾನೆ.

ನುಸಿಯ ಪುಟಗಳನ್ನು ಹಾದು ಬಂದವನಿಗೆ ಆ ಏಟು ಬೀಳುವ ಮುಂಚೆಯೇ, ಯಾರಾದರೂ ಏನಾದರೂ ಮಾಡಿ ಇದನ್ನು ಮುಗಿಸಬಾರದೇ ಎಂದು ಕೈ ತುರಿಸುತ್ತಿರುತ್ತದೆ. ಪೆರಿನ್‌ಗೂ ಅದೇ ಆಗಿದೆ. ಬೇಸರದಲ್ಲಿ ನಾವು ಅವನ ಪಾಲುದಾರರು, ಹಾಗಾಗಿ ಕೈ ಕಡಿದದ್ದರಲ್ಲೂ ಪಾಲುದಾರರು. ಅವನು ತನ್ನನ್ನು ಕಂಡು ಬೆಚ್ಚಿದಾಗ ನಮಗೂ ಬೆಚ್ಚುವ ಕಾರಣವಿರುತ್ತದೆ. ಸಾರಾಂಶ ಓದಿದವನಿಗೆ ಇದು ಹೇಗೆ ಸಿಗಬೇಕು? ಅವನು ಹನ್ನೊಂದನೆಯದಕ್ಕೆ ಹೋಗಿ, ಪೆರಿನ್ ಕೈಯಲ್ಲಿ ಸುತ್ತಿಗೆ ಇದೆಯಲ್ಲ, ಓಹೋ ಬದಲಾಯಿಸಿಕೊಂಡಿದ್ದಾನೆ ಎಂದು ಮುಂದೆ ಸಾಗುತ್ತಾನೆ. ಇಂಥವರು ಸರಣಿ ಮುಗಿಸಿದೆವೆಂದು ಹೇಳಿಕೊಂಡು ಬೇರೆ ತಿರುಗುತ್ತಾರೆ. ಎಗ್ವೇನ್ ಬಂದರಿನ ಸರಪಳಿಯನ್ನು ಒಡೆಯದ ಕಲ್ಲಾಗಿಸಿ ಸಿಕ್ಕಿಬೀಳುವ ಕೊನೆಯ ಪುಟಗಳೂ ಇವರಿಗಿಲ್ಲ. ಪುರುಷ ಮಾಂತ್ರಿಕರ ಕಪ್ಪು ಗೋಪುರದ ಜೊತೆ ಮಾಂತ್ರಿಕ ಹೆಂಗಸರಾದ ಐಸ್ ಸೆಡಾಯ್‌ಗಳು ಕೈಜೋಡಿಸಲು ಮತ ಹಾಕುವ ಸಭೆಯೂ ಇಲ್ಲ. ಅಷ್ಟು ಅವಸರವಿದ್ದರೆ ಹದಿನಾಲ್ಕು ಸಂಪುಟದ ಸರಣಿಗೆ ಯಾಕೆ ಕೈ ಹಾಕಬೇಕಿತ್ತು? ಸಣ್ಣ ಕಥೆಗಳಿಗೇನು ಬರವೇ?

ಹಾಗೆಂದು ಹತ್ತನೆಯದರಲ್ಲಿ ಬರುವ ಇಲೇನ್‌ಳ ಸ್ನಾನದ ತೊಟ್ಟಿಯನ್ನು ಲೋಕನಿರ್ಮಾಣ ಎಂದು ಸಮರ್ಥಿಸುವವರ ಪಂಕ್ತಿಯಲ್ಲಿ ನನ್ನನ್ನು ಕೂರಿಸಬೇಡಿ. ಅವಳ ಸಿಂಹಾಸನದ ರಾಜಕೀಯಕ್ಕೆ ಅಷ್ಟು ಬಿಸಿನೀರು ಬೇಕಿರಲಿಲ್ಲ. ನುಸಿ ಕೊಡಲಿಯ ಕಡೆಗೆ ನಡೆಯುತ್ತದೆ, ಸ್ನಾನ ಎಲ್ಲಿಗೂ ನಡೆಯುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ‘ನಿಧಾನ’ ಎಂದು ಬೈಯುವುದೂ ‘ಆಳ’ ಎಂದು ಹೊಗಳುವುದೂ ಒಂದೇ ಜಾತಿಯ ಸೋಮಾರಿತನ.

ಕೊನೆಯದನ್ನು ಒಂದೇ ಸಂಪುಟದಲ್ಲಿ ಮುಗಿಸುತ್ತೇನೆಂದು ಪಟ್ಟು ಹಿಡಿದಿದ್ದ ಜೋರ್ಡನ್ 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಅವನ ಹೆಂಡತಿಯೂ ಸಂಪಾದಕಿಯೂ ಆದ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರ್ಯಾಂಡನ್ ಸ್ಯಾಂಡರ್‌ಸನ್ ಬರೆದ ಶ್ರದ್ಧಾಂಜಲಿಯನ್ನು ಓದಿ ಅವನ ಕೈಗೆ ಕೆಲಸ ಒಪ್ಪಿಸಿದಳು. ಒಂದು ಮೂರಾಯಿತು, 2013ರಲ್ಲಿ ಮುಗಿಯಿತು. ನಿಧಾನವೆಂದು ಗೊಣಗಿದವರಿಗೆ ಈಗ ಓಟ ಸಿಕ್ಕಿತು. ಸುಮ್ಮನಿದ್ದರೇ? ಮ್ಯಾಟ್‌ನ ತಮಾಷೆ ಮೊದಲಿನ ಹಾಗಿಲ್ಲ, ಚಹಾದ ಬಟ್ಟಲಿನ ವರ್ಣನೆ ಎಲ್ಲಿ ಹೋಯಿತು ಎಂದು ಶುರು! ಇದರಲ್ಲಿ ಹೊಸತೇನಿಲ್ಲ. ಗದುಗಿನ ನಾರಣಪ್ಪ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರ್ತಿ ಮಾಡಿದ. ಗಮಕಿಗಳ ಬಾಯಲ್ಲಿ ನಾನು ಕೇಳಿದ್ದೆಲ್ಲ ನಾರಣಪ್ಪನನ್ನೇ. ಮುಗಿಸಿಕೊಟ್ಟವನಿಗೆ ಕೃತಜ್ಞತೆ ಸಿಗುತ್ತದೆ, ಮತ್ತೆ ಮತ್ತೆ ಓದುವ ಪ್ರೀತಿ ಸಿಗುವುದು ಕಷ್ಟ. ಸ್ಯಾಂಡರ್‌ಸನ್‌ಗೆ ಇದು ಅರ್ಥವಾಗಿರಬೇಕು. ಅವನದೇ ಸರಣಿಯ ಐದನೆಯ ಸಂಪುಟ ‘ವಿಂಡ್ ಅಂಡ್ ಟ್ರೂತ್’ 2024ರ ಡಿಸೆಂಬರ್‌ನಲ್ಲಿ ಬಂದಾಗ ಅವನ ಓದುಗರೂ ಎರಡು ಪಾಲಾದರು.

ಈಚೆಗೆ ಮೂರನೆಯ ಪಂಗಡವೊಂದು ಹುಟ್ಟಿಕೊಂಡಿದೆ. ಮೈಕೇಲ್ ಕ್ರೇಮರ್, ಕೇಟ್ ರೀಡಿಂಗ್ ದಂಪತಿ ಇಡೀ ಸರಣಿಯನ್ನು ಆಡಿಯೊ ಪುಸ್ತಕವಾಗಿ, ಬಿಡುವು ಕೊಟ್ಟು, ದನಿ ಬದಲಿಸಿ, ಅಚ್ಚುಕಟ್ಟಾಗಿ ಓದಿದ್ದಾರೆ. ಈ ಪಂಗಡದವರು ಅದನ್ನು ಎರಡು ಪಟ್ಟು ವೇಗಕ್ಕಿಟ್ಟು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಅಂಥವರೊಬ್ಬರು ಮೊನ್ನೆ ಹತ್ತನೆಯದು ಮುಗಿಸಿದರಂತೆ. ಹೇಗನ್ನಿಸಿತು ಎಂದು ಆಸೆಯಿಂದ ಕೇಳಿದೆ. ಸ್ವಲ್ಪ ಅವಸರವಾಯಿತು ಎಂದರು.