ದುಬೈ ಕಾರು, ಕೊಪ್ಪಳದ ನಂಬರು
ಗಂಗಾವತಿ, ಕುಷ್ಟಗಿ ಕಡೆಯಿಂದ ದುಬೈಗೆ ದುಡಿಯಲು ಹೋದವರಿಗೆ ಒಂದು ಮಾತು. ಅಲ್ಲಿ ಓಡಿಸಿದ ಕಾರನ್ನೇ ಊರಿಗೆ ತರುವ ಆಸೆ ಸಹಜ. ಆದರೆ ಅಲ್ಲಿನ ಕಾರುಗಳ ಸ್ಟೇರಿಂಗ್ ಎಡಕ್ಕಿರುತ್ತದೆ. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಸ್ಟೇರಿಂಗ್ ಬಲಕ್ಕಿರಬೇಕು, ತಯಾರಾಗಿ 3 ವರ್ಷ ಮೀರಿರಬಾರದು. ಹೊರದೇಶದ ಕಾರು ಇಲ್ಲೇ ಮಾರಾಟಕ್ಕೆ ಸಿಕ್ಕರೂ ಬಣ್ಣ ನೋಡಿ ಮರುಳಾಗಬೇಡಿ. ಮೊದಲು ಕಸ್ಟಮ್ಸ್‌ನ ಆಮದು ದಾಖಲೆ, ಅಂದರೆ ಬಿಲ್ ಆಫ್ ಎಂಟ್ರಿ ಕೇಳಿ. ಬಾನೆಟ್ ಎತ್ತಿಸಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ, ಮೂಡಿದ ಒಂದೊಂದು ಅಕ್ಷರವನ್ನೂ ಆ ಬಿಲ್ಲಿನ ಜೊತೆ ತಾಳೆ ನೋಡಿ. ಸುಂಕ ಕಟ್ಟಿದ ದಾಖಲೆ ಇಲ್ಲದ ಗಾಡಿಗೆ ಕೊಪ್ಪಳದ ಕೆಎ-37 ನಂಬರು ಸಿಗುವುದಿಲ್ಲ. ಬೆವರು ಸುರಿಸಿ ಗಳಿಸಿದ ದುಡ್ಡು. ಕಾಗದ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.